ಗುತ್ತಿಗೆದಾರ ಬದಲಾದ, ವಾಲ್ವ್ ತಿರುಗಿಸುವ ಕೈ ಬದಲಾಗಲಿಲ್ಲ

ಪ್ರಶ್ನೆ: ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಪಟ್ಟಣದ ಸ್ಥಳೀಯ ಸಂಸ್ಥೆಯಲ್ಲಿ 2011ರಿಂದ ವಾಲ್ವ್‌ಮನ್ ಆಗಿ ದುಡಿಯುತ್ತಿದ್ದೇನೆ. ಪಂಪ್ ಆಪರೇಟರ್‌ಗಳೂ ಸೇರಿ ನನ್ನಂಥವರು ಹನ್ನೊಂದು ಮಂದಿ ಇದ್ದೇವೆ. ಇಷ್ಟು ವರ್ಷಗಳಲ್ಲಿ ನಾಲ್ವರು ಗುತ್ತಿಗೆದಾರರು ಬಂದು ಹೋದರು. ಯಾವ ವಾರ್ಡಿಗೆ ಎಷ್ಟು ಹೊತ್ತಿಗೆ ನೀರು ಬಿಡಬೇಕು, ಯಾರಿಗೆ ರಜೆ ಎಂದು ಹೇಳುವವರು ಕಚೇರಿಯ ಇಂಜಿನಿಯರ್. ಸಂಬಳ ಮಾತ್ರ ಗುತ್ತಿಗೆದಾರರ ಖಾತೆಯಿಂದ. 2016ರಿಂದ ಪಿಎಫ್ ಕಡಿತವಾಗುತ್ತಿದೆ. ಈಗ ಹೊಸ ಏಜೆನ್ಸಿಯವರು, ‘ನಾನು ಈ ಏಜೆನ್ಸಿಯ ನೌಕರ, ಸ್ಥಳೀಯ ಸಂಸ್ಥೆಗೂ ನನಗೂ ಸಂಬಂಧವಿಲ್ಲ, ಮುಂದೆ ಕಾಯಂ ಮಾಡಿ ಎಂದು ಕೇಳುವುದಿಲ್ಲ’ ಎಂದು ಛಾಪಾ ಕಾಗದದ ಮೇಲೆ ಸಹಿ ಕೇಳುತ್ತಿದ್ದಾರೆ. ಹತ್ತು ವರ್ಷ ಆದವರನ್ನು ಕಾಯಂ ಮಾಡಲೇಬೇಕು ಎಂದು ಒಬ್ಬರು, 240 ದಿನ ಸಾಕು ಎಂದು ಇನ್ನೊಬ್ಬರು ಹೇಳುತ್ತಾರೆ. ಹೈಕೋರ್ಟಿಗೆ ಹೋಗೋಣವೆಂದು ತಲಾ ಹದಿನೈದು ಸಾವಿರ ಸೇರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಛಾಪಾ ಕಾಗದದಿಂದಲೇ ಶುರು ಮಾಡುತ್ತೇನೆ. ಉಳಿದದ್ದಕ್ಕೆ ವಾರಗಳ, ತಿಂಗಳುಗಳ ಅವಕಾಶವಿದೆ, ಇದಕ್ಕೆ ಇಲ್ಲ. ಒಬ್ಬೊಬ್ಬರಾಗಿ ಹೋಗಿ ಸಹಿ ಹಾಕಬೇಡಿ. ಹನ್ನೊಂದು ಮಂದಿಯೂ ಸೇರಿ, ಕರಡಿನ ಪ್ರತಿ ಕೊಡಿ, ಓದಿ ಉತ್ತರಿಸಲು ಎಂಟು ದಿನ ಕೊಡಿ ಎಂದು ಬರೆದು ಕೇಳಿ. ಹೀಗೆ ಕೇಳಿದ ಕಾಗದವೇ ಮುಂದೆ ನಿಮಗೆ ಒಂದು ಸಾಕ್ಷ್ಯ. ಸಹಿ ಹಾಕದವರಿಗೆ ನಾಳೆಯಿಂದ ಕೆಲಸವಿಲ್ಲ ಎಂಬ ಹಂತಕ್ಕೆ ಮಾತು ಬಂದರೆ ಸಹಿ ಹಾಕಿ, ಕೆಲಸ ಉಳಿಸಿಕೊಳ್ಳಿ. ಆದರೆ ಅದೇ ದಿನ ಮುಖ್ಯಾಧಿಕಾರಿಗೆ, ಏಜೆನ್ಸಿಗೆ, ಶಿವಮೊಗ್ಗದ ಕಾರ್ಮಿಕ ಅಧಿಕಾರಿಗೆ ಮೂರು ಪತ್ರ ಹೋಗಬೇಕು. ‘ಕೆಲಸ ಹೋಗುತ್ತದೆಂಬ ಬೆದರಿಕೆಯ ಮೇಲೆ ಈ ಸಹಿ ಪಡೆಯಲಾಗಿದೆ, ಅದರ ಒಕ್ಕಣೆಗೆ ನಮ್ಮ ಒಪ್ಪಿಗೆ ಇಲ್ಲ, 2011ರಿಂದ ತಮ್ಮ ಕಚೇರಿಯ ಇಂಜಿನಿಯರ್ ಹೇಳಿದಂತೆ ಕೆಲಸ ಮಾಡುತ್ತಿದ್ದೇವೆ’ ಎಂಬಷ್ಟು ಸಾಕು. ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಡಿ. ನಮ್ಮ ಮಳೆಗಾಲಕ್ಕೆ ಅಂಚೆ ರಸೀದಿಯ ಶಾಯಿ ಉಳಿಯುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ನನ್ನ ವಕೀಲ ಸಹೋದ್ಯೋಗಿಗಳಲ್ಲಿ ಕೆಲವರು ಯಾವ ಕಾರಣಕ್ಕೂ ಸಹಿ ಬೇಡವೆನ್ನುತ್ತಾರೆ. ಅವರಿಗೆ ಸೊಸೈಟಿ ಸಾಲದ ಕಂತಿನ ಚಿಂತೆ ಇಲ್ಲ. ಸಮಬಲವಿಲ್ಲದ ಇಬ್ಬರ ನಡುವೆ ಬಲಿಷ್ಠನು ಬರೆಸಿಕೊಂಡ ಅನ್ಯಾಯದ ಷರತ್ತಿಗೆ ನ್ಯಾಯಾಲಯ ಕಟ್ಟುಬೀಳಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1986ರ ಬ್ರೊಜೊನಾಥ್ ಗಂಗೂಲಿ ಪ್ರಕರಣದಲ್ಲಿಯೇ ಹೇಳಿದೆ. ಸಂಬಂಧವೇ ಇಲ್ಲದವರಿಂದ ‘ಸಂಬಂಧವಿಲ್ಲ’ ಎಂದು ಯಾರೂ ಛಾಪಾ ಕಾಗದ ಬರೆಸಿಕೊಳ್ಳುವುದಿಲ್ಲ. ನಾನು ನಿಮ್ಮ ವಕೀಲನಾಗಿದ್ದರೆ ಆ ಕಾಗದವನ್ನು ನಾನೇ ನ್ಯಾಯಾಧೀಶರ ಮುಂದಿಡುತ್ತಿದ್ದೆ. ಸಿಟ್ಟಿನಲ್ಲಿ ಕೆಲಸಕ್ಕೆ ಹೋಗದಿರುವುದು ಮಾತ್ರ ದೊಡ್ಡ ತಪ್ಪು. ‘ಅವರೇ ಬಿಟ್ಟು ಹೋದರು’ ಎಂಬ ಒಂದು ಸಾಲಿನ ಉತ್ತರಕ್ಕೆ ನಾವು ವರ್ಷಗಟ್ಟಲೆ ವಾದ ಮಾಡಬೇಕಾಗುತ್ತದೆ.

ಇನ್ನು 240 ದಿನದ ಮಾತು. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ಕೆಲಸದಿಂದ ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸರಾಸರಿ ವೇತನದ ಲೆಕ್ಕದಲ್ಲಿ ಪರಿಹಾರ ಕೊಡಬೇಕು ಎಂಬುದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ನಿಯಮ. ಆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಇದರ ತಿರುಳು ಉಳಿದಿದೆ. ಇದು ತೆಗೆಯುವವನ ಕೈಗೆ ಹಾಕಿದ ಕಡಿವಾಣವೇ ಹೊರತು ಕಾಯಂ ಹುದ್ದೆಯ ಆದೇಶವಲ್ಲ. 240ನೇ ದಿನ ಸಂಜೆ ಯಾರೂ ಕಾಯಂ ಆಗುವುದಿಲ್ಲ.

ಹತ್ತು ವರ್ಷದ ಮಾತಿಗೆ ನಮ್ಮ ರಾಜ್ಯದ್ದೇ ಒಂದು ಹುಟ್ಟು ಇದೆ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985–86ರ ಸುಮಾರಿಗೆ ಸೇರಿದ ದಿನಗೂಲಿಗಳು ಕಾಯಂ ಆಗಬೇಕೆಂದು ಹೂಡಿದ ದಾವೆ ಕೊನೆಗೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 2006ರ ಏಪ್ರಿಲ್ 10ರಂದು ಬಂದ ಆ ತೀರ್ಪೇ ಉಮಾದೇವಿ ತೀರ್ಪು. ಜಾಹೀರಾತು, ಆಯ್ಕೆ, ಮೀಸಲಾತಿ ಇಲ್ಲದೆ ಹಿಂಬಾಗಿಲಿನಿಂದ ಬಂದವರು ಎಷ್ಟು ವರ್ಷ ದುಡಿದರೂ ಕಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲ ಎಂದು ಪೀಠ ಹೇಳಿತು. ಹೇಳಿ, ಒಂದು ಕಿಟಕಿಯನ್ನು ತೆರೆದಿಟ್ಟಿತು. ಮಂಜೂರಾದ ಖಾಲಿ ಹುದ್ದೆಯಲ್ಲಿ, ತಕ್ಕ ವಿದ್ಯಾರ್ಹತೆಯಿಂದ, ನ್ಯಾಯಾಲಯದ ತಡೆಯಾಜ್ಞೆಯ ಆಸರೆ ಇಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಬಾರಿಯ ಕ್ರಮವಾಗಿ ಸಕ್ರಮಗೊಳಿಸಲು ಪರಿಶೀಲಿಸಿ ಎಂದಿತು. 2010ರಲ್ಲಿ ಇನ್ನೊಂದು ಕರ್ನಾಟಕದ ಪ್ರಕರಣದಲ್ಲಿ, ಕೇಸರಿ ತೀರ್ಪಿನಲ್ಲಿ, ಆ ಹತ್ತು ವರ್ಷವನ್ನು 2006ರ ಏಪ್ರಿಲ್ 10ಕ್ಕೆ ಲೆಕ್ಕ ಹಾಕಬೇಕು ಎಂಬುದೂ ಸ್ಪಷ್ಟವಾಯಿತು. ನೀವು ಸೇರಿದ್ದು 2011ರಲ್ಲಿ. ಕಿಟಕಿ ಮುಚ್ಚಿ ಐದು ವರ್ಷವಾದ ಮೇಲೆ ನೀವು ಮನೆಯ ಮುಂದೆ ಬಂದಿರಿ. ನೇರವಾಗಿ ನೇಮಕಗೊಂಡ ಹಳೆಯ ದಿನಗೂಲಿಗಳಿಗಾಗಿ ರಾಜ್ಯ ಸರ್ಕಾರ 2012ರಲ್ಲಿ ಮಾಡಿದ ಕ್ಷೇಮಾಭಿವೃದ್ಧಿ ಕಾಯ್ದೆಯೂ ಇದೇ ಕಾರಣಕ್ಕೆ ನಿಮಗೆ ಒದಗುವುದಿಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಆದರೆ ನೀವು ಕೇಳುತ್ತಿರುವ ಪ್ರಶ್ನೆ ಬದಲಾಗಬೇಕು. ನೀವು, ನಿಮ್ಮ ಗೆಳೆಯರು ‘ಎಷ್ಟು ವರ್ಷ’ ಎಂದು ಎಣಿಸುತ್ತಿದ್ದೀರಿ. ನ್ಯಾಯಾಲಯ ಮೊದಲು ಕೇಳುವುದು ‘ಯಾರ ಕೆಲಸಗಾರ’ ಎಂದು. ಆ ಉತ್ತರ ನಿಮ್ಮ ಪರವಾಗಿ ಬಾರದೆ ವರ್ಷಗಳಿಗೆ ಬೆಲೆ ಇಲ್ಲ.

ಇದರ ಹಿನ್ನೆಲೆ ಸ್ವಲ್ಪ ಹೇಳಬೇಕು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಗುತ್ತಿಗೆ ಪದ್ಧತಿಯನ್ನು ರದ್ದು ಮಾಡಲಿಲ್ಲ. ಕೆಲವು ಕೆಲಸಗಳಲ್ಲಿ ರದ್ದು ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ರದ್ದಾದ ಮೇಲೆ ಅಲ್ಲಿದ್ದವರ ಗತಿ ಏನು ಎಂಬ ಬಗ್ಗೆ ಕಾಯ್ದೆ ತುಟಿ ಬಿಚ್ಚಲಿಲ್ಲ. 1996ರ ಏರ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅವರೆಲ್ಲ ತಾವಾಗಿಯೇ ಮೂಲ ಸಂಸ್ಥೆಯ, ಅಂದರೆ ಗುತ್ತಿಗೆ ಕೊಟ್ಟು ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯ, ನೌಕರರಾಗುತ್ತಾರೆ ಎಂದಿತು. ಐದು ವರ್ಷವೂ ತುಂಬಲಿಲ್ಲ. 2001ರ ಆಗಸ್ಟ್ 30ರಂದು ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ಐವರ ಪೀಠ ಅದನ್ನು ತಳ್ಳಿಹಾಕಿತು. ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಒಡೆತನ ಇರುವುದು ಇದೇ ಸ್ಟೀಲ್ ಅಥಾರಿಟಿಯ ಕೈಯಲ್ಲಿ, ಹಾಗಾಗಿ ಈ ಹೆಸರು ನಮ್ಮ ಜಿಲ್ಲೆಯ ಗುತ್ತಿಗೆ ಕಾರ್ಮಿಕರಿಗೆ ಕೇಳಿ ಕೇಳಿ ಸಾಕಾದದ್ದು. ಗುತ್ತಿಗೆ ನಿಜವಾದದ್ದಾದರೆ, ಪದ್ಧತಿ ರದ್ದಾದರೂ ತಾನಾಗಿ ಕಾಯಂ ಆಗುವುದಿಲ್ಲ. ಗುತ್ತಿಗೆ ಬರೀ ತೋರಿಕೆಯದು, ಕಾನೂನಿನ ಕಣ್ಣಿಗೆ ಮಣ್ಣೆರಚಲು ನಡುವೆ ನಿಲ್ಲಿಸಿದ ಬೆದರುಬೊಂಬೆ ಎಂದು ಸಾಬೀತಾದರೆ, ಕಾರ್ಮಿಕರು ಮೊದಲ ದಿನದಿಂದಲೂ ಮೂಲ ಸಂಸ್ಥೆಯವರೇ. ಈ ಎರಡರಲ್ಲಿ ಯಾವುದು ಎಂದು ಸಾಕ್ಷ್ಯ ನೋಡಿ ತೀರ್ಮಾನಿಸಬೇಕಾದದ್ದು ಕಾರ್ಮಿಕ ನ್ಯಾಯಾಲಯ ಅಥವಾ ಕೈಗಾರಿಕಾ ನ್ಯಾಯಮಂಡಳಿ. ಕಲ್ಲಿಕೋಟೆಯ ಒಂದು ಹಗ್ಗದ ಕಾರ್ಖಾನೆಯ ಪ್ರಕರಣದಲ್ಲಿ 1978ರಲ್ಲೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಈ ಮುಸುಕನ್ನು ಎತ್ತಿ ನೋಡುವ ಪಾಠವನ್ನು ಹೇಳಿಕೊಟ್ಟಿದ್ದರು.

ಇಲ್ಲಿಯೇ ನಮ್ಮವರು ಎಡವುವುದು. ‘ಸರ್, ಕೆಲಸ ಹೇಳುವವರು ಇಂಜಿನಿಯರ್, ಗುತ್ತಿಗೆದಾರನ ಮುಖವನ್ನೇ ನಾವು ಕಂಡಿಲ್ಲ’ ಎಂದು ನನ್ನ ಮುಂದೆ ಕುಳಿತ ಪ್ರತಿಯೊಬ್ಬರೂ ಹೇಳುತ್ತಾರೆ, ನೀವೂ ಬರೆದಿದ್ದೀರಿ. ಅಷ್ಟೇ ಸಾಲದು. ವಿಮಾನ ನಿಲ್ದಾಣದ ಸರಕು ಕಾರ್ಮಿಕರ 2009ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಸೂಕ್ಷ್ಮ ಗೆರೆ ಎಳೆದಿದೆ. ಜನರನ್ನು ಒದಗಿಸುವ ಗುತ್ತಿಗೆಯಾದರೆ, ಆ ಜನ ಸಂಸ್ಥೆಯವರು ಹೇಳಿದಂತೆ ಕೆಲಸ ಮಾಡುವುದು ಸಹಜ. ಇದು ಎರಡನೆಯ ದರ್ಜೆಯ ಹಿಡಿತ. ಯಾರನ್ನು ಎಲ್ಲಿಗೆ ಕಳಿಸಬೇಕು, ಯಾರನ್ನು ವಾಪಸ್ ಕರೆಸಬೇಕು, ಯಾರನ್ನು ತೆಗೆಯಬೇಕು ಎಂಬ ಮೊದಲ ದರ್ಜೆಯ ಹಿಡಿತ ಯಾರದು? ಸಂಬಳ ಯಾರದು? ಹರಿದ್ವಾರದ ಬಿಎಚ್‌ಇಎಲ್ ಕಾರ್ಖಾನೆಯ ಗುತ್ತಿಗೆ ಕಾರ್ಮಿಕರು ಕಾರ್ಮಿಕ ನ್ಯಾಯಾಲಯದಲ್ಲಿ ಗೆದ್ದು, 2019ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತದ್ದು ಈ ಗೆರೆಯ ಮೇಲೆಯೇ.

ಆದ್ದರಿಂದ ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡ ವಾಕ್ಯ ಇಂಜಿನಿಯರ್ ಬಗೆಗಿನದಲ್ಲ. ‘ನಾಲ್ವರು ಗುತ್ತಿಗೆದಾರರು ಬಂದು ಹೋದರು’ ಎಂದಿರಲ್ಲ, ಅದು. ಗುತ್ತಿಗೆದಾರನೇ ಮಾಲೀಕನಾಗಿದ್ದರೆ ಅವನ ಟೆಂಡರ್ ಮುಗಿದಾಗ ತನ್ನ ಜನರನ್ನು ಕರೆದುಕೊಂಡು ಇನ್ನೊಂದು ಊರಿನ ಕೆಲಸಕ್ಕೆ ಹೋಗಬೇಕಿತ್ತು, ಹೊಸಬ ತನ್ನವರನ್ನು ತರಬೇಕಿತ್ತು. ಹಾಗಾಗಲಿಲ್ಲ. ಗುತ್ತಿಗೆದಾರರು ಬದಲಾದರು, ವಾಲ್ವ್ ತಿರುಗಿಸುವ ಕೈ ಬದಲಾಗಲಿಲ್ಲ. ಪ್ರತಿ ಬದಲಾವಣೆಯಲ್ಲಿಯೂ ನಿಮ್ಮ ಹನ್ನೊಂದು ಹೆಸರುಗಳ ಪಟ್ಟಿಯನ್ನು ಹೊಸ ಗುತ್ತಿಗೆದಾರನಿಗೆ ಕೊಟ್ಟವರು ಯಾರು? ಕಚೇರಿಯೇ ಕೊಟ್ಟಿದ್ದರೆ, ಆಯ್ಕೆ ಮಾಡುವ ಅಧಿಕಾರ ಕಚೇರಿಯದು. ನಿಮ್ಮಲ್ಲಿ ಯಾರನ್ನಾದರೂ ಎಂದಾದರೂ ತೆಗೆದಿದ್ದರೆ, ಒಂದು ವಾರ ಮನೆಗೆ ಕಳಿಸಿದ್ದರೆ, ಕಳಿಸಿದವರು ಯಾರು? ಟೆಂಡರ್ ಮುಗಿದು ಹೊಸದು ಶುರುವಾಗುವ ನಡುವಿನ ತಿಂಗಳುಗಳಲ್ಲಿ ನೀವು ಕೆಲಸ ಮಾಡಿದ್ದೀರಲ್ಲ, ಆಗ ಗುತ್ತಿಗೆದಾರನೇ ಇರಲಿಲ್ಲ. ಆ ಖಾಲಿ ತಿಂಗಳುಗಳಲ್ಲಿ ನೀವು ಯಾರ ನೌಕರರು, ಆ ಸಂಬಳ ಯಾರ ಖಾತೆಯಿಂದ ಬಂತು? ಇಡೀ ಮೊಕದ್ದಮೆಯಲ್ಲಿ ಎದುರು ಪಕ್ಷದ ವಕೀಲರಿಗೆ ಅತ್ಯಂತ ಇರುಸುಮುರುಸು ತರುವ ಪ್ರಶ್ನೆ ಇದು. ಅಂಥ ತಿಂಗಳುಗಳು ಇದ್ದರೆ ತಾರೀಖು ಸಮೇತ ಬರೆದಿಡಿ.

ಕಾಗದ ಕೂಡಿಸುವುದು ಹೇಗೆ? ಮಾಹಿತಿ ಹಕ್ಕಿನ ಅರ್ಜಿಯಿಂದ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ವಾಪಸ್ ಬರುತ್ತದೆ, ನಾಲ್ಕು ಬಿಡಿ ಅರ್ಜಿ ಹಾಕಿ. 2011ರಿಂದ ಈವರೆಗಿನ ಟೆಂಡರ್ ದಾಖಲೆ, ಕಾರ್ಯಾದೇಶಗಳ ಪ್ರತಿಗೆ ಒಂದು. ಗುತ್ತಿಗೆದಾರರಿಗೆ ಪಾವತಿಸಿದ ಬಿಲ್ಲು, ಅದರೊಂದಿಗಿನ ಹಾಜರಿ ಪಟ್ಟಿಗೆ ಇನ್ನೊಂದು. ಪಂಪ್‌ಹೌಸಿನ ಲಾಗ್ ಪುಸ್ತಕಕ್ಕೆ ಮೂರನೆಯದು. ನೀರು ಸರಬರಾಜು ವಿಭಾಗದಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಎಷ್ಟು ಎಂಬುದಕ್ಕೆ ನಾಲ್ಕನೆಯದು. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ವಾಲ್ವ್‌ಮನ್, ಪಂಪ್ ಆಪರೇಟರ್ ಹುದ್ದೆಗಳು ಮಂಜೂರಾಗಿ ಖಾಲಿ ಬಿದ್ದಿದ್ದರೆ ನಿಮ್ಮ ಕೈ ಗಟ್ಟಿ.

ಕಚೇರಿಯ ಕಾಗದದಷ್ಟೇ ನಿಮ್ಮ ಮನೆಯಲ್ಲಿರುವುದೂ ಮುಖ್ಯ. ಇಂಜಿನಿಯರ್ ಮಾಡಿದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಗುಡ್ಡದ ಟ್ಯಾಂಕ್ ತುಂಬಿಲ್ಲ, ಏಳನೇ ವಾರ್ಡಿಗೆ ಸಂಜೆ ಬಿಡಿ’ ಎಂಬಂಥ ಸಂದೇಶಗಳಿರುತ್ತವೆ. ಅವನ್ನು ಅಳಿಸಬೇಡಿ, ಆ ಮೊಬೈಲನ್ನು ಮಾರಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಗೆ ಪ್ರಮಾಣಪತ್ರ ಲಗತ್ತಿಸಬೇಕಾಗುತ್ತದೆ, ಮೂಲ ಮೊಬೈಲ್ ಇದ್ದರೆ ಕೆಲಸ ಸುಲಭ. 2020ರ ಲಾಕ್‌ಡೌನ್‌ನಲ್ಲಿ ಪೊಲೀಸರಿಗೆ ತೋರಿಸಲು ಕಚೇರಿ ಕೊಟ್ಟ ಗುರುತಿನ ಚೀಟಿ ಇದೆಯೇ? 2019ರ ಆಗಸ್ಟ್ ಮಳೆಯಲ್ಲಿ ಜಾಕ್‌ವೆಲ್ (ನೀರೆತ್ತುವ ಬಾವಿ) ಕೆಸರು ತೆಗೆದಾಗ ಯಾರಾದರೂ ಚಿತ್ರ ತೆಗೆದಿದ್ದರೇ? ಪಿಎಫ್ ಪಾಸ್‌ಬುಕ್ ತೆರೆದು ನೋಡಿ: ಯುಎಎನ್ (ಕೆಲಸಗಾರನ ಕಾಯಂ ಪಿಎಫ್ ಸಂಖ್ಯೆ) ಒಂದೇ, ಅದರ ಕೆಳಗೆ ಗುತ್ತಿಗೆದಾರನಿಗೊಂದರಂತೆ ಸದಸ್ಯತ್ವ ಸಂಖ್ಯೆಗಳು. ಒಂದು ಮುಗಿದ ಮರುದಿನವೇ ಇನ್ನೊಂದು ಶುರುವಾಗಿದ್ದರೆ, ನಿಮ್ಮ ಸೇವೆ ಮುರಿಯದೆ ನಡೆದಿದೆ ಎಂಬುದಕ್ಕೆ ಕೇಂದ್ರ ಸರ್ಕಾರದ ಸಂಸ್ಥೆಯೊಂದೇ ಬರೆದುಕೊಟ್ಟ ಸಾಕ್ಷ್ಯ ಅದು.

ಸಾಕ್ಷ್ಯದ ಹೊರೆ ಕಾರ್ಮಿಕನ ಮೇಲೆಯೇ ಎಂಬುದನ್ನು ಮರೆಯಬೇಡಿ. ನಮ್ಮ ರಾಜ್ಯದ ಒಬ್ಬ ವಲಯ ಅರಣ್ಯಾಧಿಕಾರಿಯ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ, 240 ದಿನ ದುಡಿದೆ ಎಂದು ಬರೀ ಪ್ರಮಾಣಪತ್ರ ಸಲ್ಲಿಸಿದರೆ ಸಾಲದು ಎಂದಿತು. ಕೂಲಿಯವನಿಗೆ ನೇಮಕಾತಿ ಪತ್ರವನ್ನು ಯಾರು ಕೊಟ್ಟಿರುತ್ತಾರೆ ಎಂದು ಕೇಳಬೇಡಿ, ಆ ಪ್ರಶ್ನೆಯನ್ನು ಮೂರು ವರ್ಷದ ನಂತರ ಯೆಲ್ಲಟ್ಟಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಕೇಳಿತು. ಕಾರ್ಮಿಕ ಕಟಕಟೆ ಹತ್ತಿ ಸಾಕ್ಷಿ ಹೇಳಿ, ಎನ್‌ಎಂಆರ್ (ದಿನಗೂಲಿಗಳ ಹಾಜರಿ ಪಟ್ಟಿ) ಹಾಜರುಪಡಿಸಿ ಎಂದು ಕೇಳಿದ ಮೇಲೂ ಕಚೇರಿ ಮುಚ್ಚಿಟ್ಟುಕೊಂಡರೆ, ಆ ಮೌನವನ್ನು ಸಂದರ್ಭ ನೋಡಿ ಕಚೇರಿಯ ವಿರುದ್ಧವೇ ಓದಬಹುದು. ಅದಕ್ಕೇ ಮೊದಲು ಕೇಳಬೇಕು, ಬರೆದು ಕೇಳಬೇಕು.

ನನ್ನ ಆರಂಭದ ದಿನಗಳಲ್ಲಿ ಒಂದು ಸಸಿ ನರ್ಸರಿಯ ಏಳು ಮಂದಿಯ ಪ್ರಕರಣ ನಡೆಸಿದ್ದೆ. ಆರು ಮಂದಿ ‘ದಿನಾ ಹೋಗಿದ್ದೆವು’ ಎಂದರು. ಒಬ್ಬ ಹೆಣ್ಣುಮಗಳು ಮಾತ್ರ ಅಡಿಕೆ ಮಂಡಿಯವರು ವರ್ಷವರ್ಷ ಕೊಡುತ್ತಿದ್ದ ಕ್ಯಾಲೆಂಡರುಗಳ ಒಂದು ಸುರುಳಿ ತಂದಿದ್ದಳು. ಕೆಲಸಕ್ಕೆ ಹೋದ ದಿನಕ್ಕೆ ಕಾಡಿಗೆಯ ಚುಕ್ಕಿ, ಕೂಲಿ ಸಿಕ್ಕ ದಿನಕ್ಕೆ ಸುಣ್ಣದ ಗೆರೆ. ಓದು ಬರಹ ಬಾರದವಳು. ಕಚೇರಿಯವರು ಬೇರೆ ದಾರಿಯಿಲ್ಲದೆ ತಂದ ಎರಡು ವರ್ಷದ ಹಾಜರಿ ಪಟ್ಟಿಯೊಂದಿಗೆ ಆ ಚುಕ್ಕಿಗಳು ಹೆಚ್ಚುಕಡಿಮೆ ತಾಳೆಯಾದವು. ಅವಳಿಗೆ ಕೆಲಸ ವಾಪಸ್ ಸಿಕ್ಕಿತು. ಉಳಿದ ಆರು ಮಂದಿಯೂ ಅವಳ ಜೊತೆಗೇ ದುಡಿದವರು ಎಂಬುದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ, ಆದರೆ ಅವರು ಸೋತರು.

ಈಗ ಹೈಕೋರ್ಟಿನ ವಿಚಾರ. ಬೆಂಗಳೂರಿಗೆ ಹೋಗಿ ರಿಟ್ ಅರ್ಜಿ ಹಾಕಿದರೆ, ಗುತ್ತಿಗೆ ನಿಜವೋ ತೋರಿಕೆಯೋ ಎಂಬ ವಿವಾದಿತ ಸಂಗತಿಗೆ ಸಾಕ್ಷಿ ವಿಚಾರಣೆ ಬೇಕು, ಕಾರ್ಮಿಕ ವೇದಿಕೆಗೆ ಹೋಗಿ ಎಂದು ಒಂದೆರಡು ವರ್ಷದ ನಂತರ ವಾಪಸ್ ಕಳಿಸುವ ಸಾಧ್ಯತೆಯೇ ಹೆಚ್ಚು. ಸ್ಟೀಲ್ ಅಥಾರಿಟಿ ತೀರ್ಪಿನ ನಂತರದ ರೂಢಿ ಅದು. ನಿಮ್ಮದು ರಾಜ್ಯದ ಸ್ಥಳೀಯ ಸಂಸ್ಥೆ, ಆದ್ದರಿಂದ ಮೊದಲ ಬಾಗಿಲು ಶಿವಮೊಗ್ಗದ ಕಾರ್ಮಿಕ ಅಧಿಕಾರಿಯದು. ಕೇಂದ್ರ ಸರ್ಕಾರದ ಒಡೆತನದ ಕಾರ್ಖಾನೆಯ ಕಾರ್ಮಿಕರು ಇದನ್ನು ಓದುತ್ತಿದ್ದರೆ, ಅವರ ಬಾಗಿಲು ಬೇರೆ: ಕೇಂದ್ರದ ಕಾರ್ಮಿಕ ಆಯುಕ್ತರ ವ್ಯವಸ್ಥೆ, ಬೆಂಗಳೂರಿನ ಕೇಂದ್ರ ಕೈಗಾರಿಕಾ ನ್ಯಾಯಮಂಡಳಿ. ನೀರು ಸರಬರಾಜು ಕಾರ್ಮಿಕ ಕಾನೂನಿನ ಅರ್ಥದಲ್ಲಿ ‘ಉದ್ದಿಮೆ’ಯೇ ಎಂಬ ಆಕ್ಷೇಪ ಬಂದರೆ ಹೆದರಬೇಡಿ. ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಅದಕ್ಕೆ ಹೌದೆಂದು ಉತ್ತರ ಕೊಟ್ಟಿದೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ ದಾರಿಯ ನಕ್ಷೆ ಸ್ವಲ್ಪ ಬದಲಾಗಿದೆ. ಹಿಂದೆ ಕಾರ್ಮಿಕ ಅಧಿಕಾರಿಯ ಮುಂದಿನ ಸಂಧಾನ ಮುರಿದುಬಿದ್ದರೆ ವಿವಾದವನ್ನು ಸರ್ಕಾರ ನ್ಯಾಯಮಂಡಳಿಗೆ ಒಪ್ಪಿಸಬೇಕಿತ್ತು, ಆ ಕಡತ ವಿಧಾನಸೌಧದ ಯಾವುದೋ ಮೇಜಿನ ಮೇಲೆ ಹೊದ್ದು ಮಲಗುತ್ತಿತ್ತು. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಸಂಧಾನಕ್ಕೆ 45 ದಿನದ ಮಿತಿ ಇದೆ. ವಿಫಲವಾದ ವರದಿ ಕೈಗೆ ಬಂದ 90 ದಿನದೊಳಗೆ ನೀವೇ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಸಂಧಾನವೇ ಇಲ್ಲ. ಹಾಗಾಗಿ ಮೊದಲು ಬೇಡಿಕೆ ಪತ್ರ ಕೊಡಿ, ಅವರು ನಿರಾಕರಿಸಿದ ಅಥವಾ ಉತ್ತರಿಸದ ದಿನದಿಂದ ಎಣಿಸಿ. ಸಂಧಾನ ನಡೆಯುತ್ತಿರುವಾಗ ಸೇವಾ ಷರತ್ತನ್ನು ಕಾರ್ಮಿಕರಿಗೆ ಕೇಡಾಗುವಂತೆ ಬದಲಿಸಬಾರದು ಎಂಬ ರಕ್ಷಣೆ ಹಳೆಯ ಕಾಯ್ದೆಯಲ್ಲೂ ಇತ್ತು, ಇದರಲ್ಲೂ ಇದೆ. ಕೆಲಸ ಹೋದ ಮೇಲೆ ಹೂಡುವುದಕ್ಕಿಂತ ಕೆಲಸದಲ್ಲಿದ್ದಾಗಲೇ ವಿವಾದ ಹೂಡಿ ಎಂದು ನಾನು ಪಟ್ಟು ಹಿಡಿಯುವುದು ಇದೇ ಕಾರಣಕ್ಕೆ. ‘ನಮಗೂ ನಿಮಗೂ ಸಂಬಂಧವಿಲ್ಲ’ ಎಂದು ಸಂಸ್ಥೆ ಇಲ್ಲಿಯೂ ಹೇಳುತ್ತದೆ, ಹೇಳಲಿ.

ಅರ್ಜಿಯಲ್ಲಿ ಎರಡು ಎಚ್ಚರ. ಕಾಯಮಾತಿಯ ವಿವಾದವನ್ನು ಒಬ್ಬರೇ ಹೂಡಲಾಗದು. ಸಂಘವಾಗಲಿ, ಸಾಕಷ್ಟು ಸಂಖ್ಯೆಯ ಸಹಕಾರ್ಮಿಕರಾಗಲಿ ಬೆಂಬಲಿಸಬೇಕು. ಹನ್ನೊಂದರಲ್ಲಿ ನಾಲ್ವರು ಹಿಂದೆ ಸರಿದರೂ ಮೊಕದ್ದಮೆ ಸೊರಗುತ್ತದೆ. ಎರಡನೆಯದು ವಕೀಲರೇ ತಪ್ಪುವ ಜಾಗ: ‘ಈ ಗುತ್ತಿಗೆ ಬರೀ ತೋರಿಕೆ, ನಾವು ನಿಮ್ಮವರೇ’ ಎನ್ನುವ ವಾದ, ‘ಗುತ್ತಿಗೆ ಪದ್ಧತಿಯನ್ನು ರದ್ದುಪಡಿಸಿ ನಮ್ಮನ್ನು ಸೇರಿಸಿಕೊಳ್ಳಿ’ ಎನ್ನುವ ವಾದ, ಇವೆರಡೂ ಒಂದೇ ಹಗ್ಗದ ಎರಡು ಎಳೆಗಳಲ್ಲ. ಎರಡನೆಯದನ್ನು ಕೇಳಿದ ಕೂಡಲೇ ಗುತ್ತಿಗೆ ನಿಜವೆಂದು ಒಪ್ಪಿದಂತೆ. ಒಂದನ್ನೊಂದು ಹೊಡೆಯುವ ಈ ಎರಡು ವಾದಗಳನ್ನು ಒಟ್ಟಿಗೆ ಹೂಡಬಾರದು ಎಂದು 2006ರಲ್ಲಿ ಸ್ಟೀಲ್ ಅಥಾರಿಟಿಯದೇ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೀವು ಮೊದಲನೆಯದಕ್ಕೇ ಅಂಟಿಕೊಳ್ಳಿ. ಜೊತೆಗೆ, ಕಾಯಂ ನೌಕರರ ಸವಲತ್ತು ತಪ್ಪಿಸುವ ಉದ್ದೇಶದಿಂದ ವರ್ಷಗಟ್ಟಲೆ ತಾತ್ಕಾಲಿಕರಾಗಿಯೇ ಇಟ್ಟುಕೊಳ್ಳುವುದು ಅನುಚಿತ ಕಾರ್ಮಿಕ ಪದ್ಧತಿ ಎಂಬುದು ಹಳೆಯ ಕಾಯ್ದೆಯ ಐದನೇ ಅನುಸೂಚಿಯಲ್ಲಿತ್ತು, ಹೊಸ ಸಂಹಿತೆಯ ಎರಡನೇ ಅನುಸೂಚಿಯಲ್ಲಿ ಉಳಿದಿದೆ. ಅದನ್ನು ಒಂದು ಪ್ರತ್ಯೇಕ ಪ್ಯಾರಾದಲ್ಲಿ ಹಾಕಿಸಿ.

ಗುತ್ತಿಗೆ ಕಾರ್ಮಿಕರ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿರುವ ಔದ್ಯೋಗಿಕ ಸುರಕ್ಷತೆಯ ಸಂಹಿತೆ, ಸಂಸ್ಥೆಯ ಮೂಲ ಚಟುವಟಿಕೆಗೆ ಗುತ್ತಿಗೆ ಕಾರ್ಮಿಕರನ್ನು ಹಚ್ಚಬಾರದು ಎನ್ನುತ್ತದೆ. ಕೇಳಲು ಇಂಪಾಗಿದೆ. ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿ ನೀರು ಪೂರೈಕೆ ನಗರ ಸ್ಥಳೀಯ ಸಂಸ್ಥೆಗಳ ಪಟ್ಟಿಯಲ್ಲೇ ಇದೆ, ಇದಕ್ಕಿಂತ ಮೂಲ ಚಟುವಟಿಕೆ ಯಾವುದು ಎಂದು ನೀವು ವಾದಿಸಬಹುದು, ವಾದಿಸಲೇಬೇಕು. ಆದರೆ ಸ್ವಚ್ಛತೆ, ಕಾವಲು, ತೋಟಗಾರಿಕೆ, ಸಾಗಣೆ ಎಂದು ವಿನಾಯಿತಿಗಳ ಉದ್ದ ಬಾಲವೂ ಅಲ್ಲಿದೆ. ‘ಸಾಮಾನ್ಯವಾಗಿ ಗುತ್ತಿಗೆಯಲ್ಲೇ ಮಾಡಿಸುವ ಕೆಲಸ’ ಎಂಬ ಇನ್ನೊಂದು ಸಂದಿಯಲ್ಲಿ ಆನೆಯೇ ನುಗ್ಗಬಹುದು. ಮೇಲಾಗಿ, ಹಿಂದೆ 20 ಕಾರ್ಮಿಕರಿದ್ದರೆ ಅನ್ವಯಿಸುತ್ತಿದ್ದ ಗುತ್ತಿಗೆ ನಿಯಮಗಳಿಗೆ ಈಗ 50 ಮಂದಿ ಬೇಕು. ನಿಮ್ಮ ಹನ್ನೊಂದನ್ನಷ್ಟೇ ಎಣಿಸಬೇಡಿ. ಕಸದ ವಾಹನದ ಚಾಲಕರು, ಲೋಡರ್‌ಗಳು, ಬೀದಿದೀಪದವರು, ಕಂಪ್ಯೂಟರ್ ಆಪರೇಟರ್‌ಗಳು, ಎಲ್ಲರೂ ಅದೇ ಸಂಸ್ಥೆಯ ಗುತ್ತಿಗೆ ಲೆಕ್ಕಕ್ಕೆ ಸೇರುತ್ತಾರೆ.

ಇತ್ತೀಚೆಗೆ ಗಾಳಿ ಸ್ವಲ್ಪ ನಿಮ್ಮ ಕಡೆಗೆ ಬೀಸುತ್ತಿದೆ ಎಂಬುದೂ ಸುಳ್ಳಲ್ಲ. 2024ರ ಡಿಸೆಂಬರಿನ ಜಗ್ಗೋ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧದಂತೆ ಬಳಸಲಾಗುತ್ತಿದೆ ಎಂದು ಬೇಸರ ತೋರಿ, ಕೇಂದ್ರ ಜಲ ಆಯೋಗದ ಕಸ ಗುಡಿಸುವ ಹೆಣ್ಣುಮಕ್ಕಳನ್ನೂ ಮಾಲಿಯನ್ನೂ ಸಕ್ರಮಗೊಳಿಸಲು ಆದೇಶಿಸಿತು. 2025ರ ಜನವರಿಯ ಶ್ರೀಪಾಲ್ ತೀರ್ಪು ನಿಮಗೆ ಇನ್ನೂ ಹತ್ತಿರ. ಗಾಜಿಯಾಬಾದ್ ನಗರ ನಿಗಮದ ತೋಟದ ಕೆಲಸಗಾರರು ಗುತ್ತಿಗೆದಾರನ ಜನ ಎಂದು ನಿಗಮ ವಾದಿಸಿತು. ಅದನ್ನು ತೋರಿಸುವ ಕಾಗದ ಮಾತ್ರ ಅದರ ಬಳಿ ಇರಲಿಲ್ಲ. ಕೆಲಸಕ್ಕೆ ವಾಪಸ್ ತೆಗೆದುಕೊಂಡು ಬಾಕಿ ವೇತನದ ಅರ್ಧ ಕೊಡಿ, ಸಕ್ರಮಾತಿಯ ಪ್ರಕ್ರಿಯೆ ಶುರು ಮಾಡಿ ಎಂದಿತು ನ್ಯಾಯಾಲಯ. ಅದೇ ವರ್ಷದ ಆಗಸ್ಟಿನ ಧರಂ ಸಿಂಗ್ ತೀರ್ಪು ಸರ್ಕಾರಕ್ಕೆ ಇನ್ನಷ್ಟು ಖಾರವಾಗಿ ಹೇಳಿದೆ. ಆದರೆ ಈ ಮೂರೂ ತೀರ್ಪು ಚಿಕ್ಕ ಪೀಠಗಳದ್ದು, 2001 ಮತ್ತು 2006ರವು ಐವರ ಪೀಠಗಳದ್ದು. ನಿಮ್ಮ ಎದುರು ಪಕ್ಷದವರ ಕೈಯಲ್ಲಿ ಟೆಂಡರ್ ಕಡತಗಳು ಇವೆ, ಗಾಜಿಯಾಬಾದಿನಂತೆ ಖಾಲಿ ಕೈ ಅಲ್ಲ. ಅದಕ್ಕೆ ಆ ಕಡತಗಳ ಒಳಗೆ ಏನಿದೆ ಎಂಬುದನ್ನು ನೀವು ಮೊದಲೇ ನೋಡಿಕೊಂಡಿರಬೇಕು.

ನ್ಯಾಯಾಲಯವೊಂದೇ ದಾರಿಯಲ್ಲ ಎಂಬುದನ್ನು ನಿಮ್ಮ ಪಕ್ಕದ ಕೋಣೆಯ ಪೌರಕಾರ್ಮಿಕರನ್ನೇ ಕೇಳಿ ತಿಳಿಯಿರಿ. ಗುತ್ತಿಗೆದಾರನನ್ನು ನಡುವಿನಿಂದ ತೆಗೆದು ನೇರ ಪಾವತಿ ತಂದದ್ದೂ, 2022ರ ಜುಲೈ ಮುಷ್ಕರದ ನಂತರ 11,133 ಹುದ್ದೆಗಳಿಗೆ ಸಚಿವ ಸಂಪುಟ ಒಪ್ಪಿದ್ದೂ ತೀರ್ಪಿನಿಂದಲ್ಲ, ಕಸ ಎತ್ತುವುದನ್ನು ನಿಲ್ಲಿಸಿ ಬೀದಿಗೆ ಕುಳಿತದ್ದರಿಂದ. ವಾಲ್ವ್‌ಮನ್‌ಗಳು ಆ ಪಟ್ಟಿಯಲ್ಲಿ ಇರಲಿಲ್ಲ. ನೀರು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ನೋಟಿಸ್ ಇಲ್ಲದೆ ನಿಲ್ಲಿಸುವುದು ಕಾನೂನುಬಾಹಿರ. ಆದರೆ ಜಿಲ್ಲೆಯ ಬೇರೆ ಪಟ್ಟಣಗಳ ನೀರಿನ ಕೆಲಸಗಾರರೊಂದಿಗೆ ಸೇರಿ ಸಂಘ ನೋಂದಾಯಿಸಿದರೆ ನೇರ ಪಾವತಿಯ ಬೇಡಿಕೆ ಕಾಯಮಾತಿಗಿಂತ ಬೇಗ ಹಣ್ಣಾಗಬಹುದು.

ಮೊಕದ್ದಮೆ ನಡೆಯುವ ವರ್ಷಗಳಲ್ಲಿ ಹೊಟ್ಟೆಯ ಪಾಡೂ ನಡೆಯಬೇಕು. 2011ರಿಂದ 2016ರವರೆಗೆ ಪಿಎಫ್ ಕಟ್ಟಿಲ್ಲ ಎಂದಾಯಿತು. ಗುತ್ತಿಗೆದಾರ ಕಟ್ಟದಿದ್ದರೆ ಮೂಲ ಸಂಸ್ಥೆಯೇ ಹೊಣೆ. ಪಿಎಫ್ ಕಚೇರಿಗೆ ದೂರು ಕೊಡಿ. ಸಂಬಳ ಬಾಕಿ, ಕನಿಷ್ಠ ವೇತನದ ಕೊರತೆಗೂ ಇದೇ ಮಾತು. ಇವು ಕಾಯಮಾತಿಯಂತೆ ಮರೀಚಿಕೆಯಲ್ಲ, ತಕ್ಕಮಟ್ಟಿಗೆ ಕೈಗೆ ಬರುವಂಥವು.

ಆ ಹದಿನೈದು ಸಾವಿರವನ್ನು ಸದ್ಯಕ್ಕೆ ಕೊಡಬೇಡಿ. ಕೊಟ್ಟಾಗಿದ್ದರೆ ರಸೀದಿಯನ್ನೂ, ವಕಾಲತ್ತಿನ ಪ್ರತಿಯನ್ನೂ, ಅರ್ಜಿಯ ಸಂಖ್ಯೆಯನ್ನೂ ಕೇಳಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಉಚಿತ ವಕೀಲರ ನೆರವಿಗೆ ಅರ್ಹರಾದವರ ಪಟ್ಟಿ ಇದೆ. ಅದರಲ್ಲಿ ಮಹಿಳೆಯರು, ಪರಿಶಿಷ್ಟರ ಜೊತೆ ‘ಕೈಗಾರಿಕಾ ಕಾರ್ಮಿಕ’ ಎಂಬ ಪದವೂ ಇದೆ, ಆದಾಯದ ಮಿತಿ ಅವನಿಗೆ ಇಲ್ಲ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹನ್ನೊಂದು ಮಂದಿಯೂ ಒಂದೇ ದಿನ ಅರ್ಜಿ ಕೊಡಿ.

ಟೆಂಡರ್ ದಾಖಲೆಗಳು ಕೈಗೆ ಬಂದ ಮೇಲೆ ಪ್ರತಿ ಕಾರ್ಯಾದೇಶದ ಮೊದಲ ಪುಟದಲ್ಲಿ ಕೆಲಸದ ಹೆಸರು ಏನೆಂದು ಬರೆದಿದೆ ನೋಡಿ. ‘ನೀರು ಸರಬರಾಜು ವ್ಯವಸ್ಥೆಯ ನಿರ್ವಹಣೆ’ ಎಂದಿದ್ದು, ಪಂಪು, ಪೈಪು, ಕೀಲಿ, ವಾಹನ ಎಲ್ಲ ಕಚೇರಿಯದೇ ಆಗಿದ್ದರೆ ಒಂದು ಬಗೆಯ ವಾದ. ‘ಹನ್ನೊಂದು ಮಂದಿ ಸಿಬ್ಬಂದಿ ಪೂರೈಕೆ’ ಎಂದಿದ್ದರೆ ಇನ್ನೊಂದು ಬಗೆಯದು. ಅದರ ಜೊತೆ ನಿಮ್ಮ ಹೆಸರುಗಳ ಪಟ್ಟಿಯನ್ನು ಕಚೇರಿಯೇ ಲಗತ್ತಿಸಿದ್ದರೆ ಆ ಪುಟದ ದೃಢೀಕೃತ ಪ್ರತಿಯನ್ನು ಬೇರೆಯಾಗಿ ತೆಗೆದಿರಿಸಿ, ನಾಲ್ಕೂ ಗುತ್ತಿಗೆದಾರರ ಅವಧಿಯ ಮೊದಲ ದಿನ, ಕೊನೆಯ ದಿನಗಳೊಂದಿಗೆ ನನಗೆ ಬರೆಯಿರಿ.